ನನ್ನ ಹೆಸರಿನ ಆಡು

ಇವತ್ತು ನನ್ನ ಹೆಸರಿನಲ್ಲಿ ಬೆಂಗಳೂರಿನಲ್ಲೊಂದು ಫ್ಲ್ಯಾಟ್ ಇದೆ, ಅದರ ಬೆನ್ನಿಗೆ ಬ್ಯಾಂಕಿನ ಸಾಲ ಇದೆ. ಅದಕ್ಕೂ ಮುಂಚೆ ನನ್ನ ಹೆಸರಿನಲ್ಲಿ ಇದ್ದದ್ದು ಒಂದೇ ಒಂದು ಆಡು.

2007ರಲ್ಲಿ ಸಿಇಟಿ ಬರೆದು ಕೂತಿದ್ದಾಗ ದೊಡ್ಡಪ್ಪ ಹರಕೆ ಹೊತ್ತಿದ್ದ. “ಹುಡುಗನಿಗೆ ಗವರ್ನಮೆಂಟ್ ಸೀಟ್ ಸಿಕ್ಕಿದ್ರೆ ಜಟಕೇಶ್ವರನಿಗೆ ಒಂದು ಆಡು ಬಿಡ್ತೆ.” ಸೀಟು ಸಿಕ್ಕಿತು. ನಾನು ರಾತ್ರಿಯೆಲ್ಲ ಓದಿದ್ದು ಲೆಕ್ಕಕ್ಕೇ ಬರಲಿಲ್ಲ, ಕ್ರೆಡಿಟ್ ಪೂರ್ತಿ ಜಟಕೇಶ್ವರನಿಗೆ ಹೋಯಿತು.

ಈ ಜಟಕೇಶ್ವರ ಇರುವುದು ನೇತ್ರಾಣಿಯಲ್ಲಿ. ಮುರ್ಡೇಶ್ವರದ ಕರಾವಳಿಯಿಂದ ಸುಮಾರು 19 ಕಿಲೋಮೀಟರ್ ದೂರ ಕಡಲಿನೊಳಗೆ ಇರುವ ನಡುಗಡ್ಡೆ ಅದು. ಮೇಲಿನಿಂದ ತೆಗೆದ ಫೋಟೊದಲ್ಲಿ ಹೃದಯದ ಆಕಾರ ಕಾಣುತ್ತದೆ ಅಂತ ಈಗ ಇನ್‌ಸ್ಟಾಗ್ರಾಮಿನಲ್ಲಿ ಭಾರಿ ಫೇಮಸ್ಸು. ನಮ್ಮ ಕಡೆ ಕಡಲಿಗೆ ಹೋಗುವವರಿಗೆ ಮಾತ್ರ ಅದು ಮೊದಲಿನಿಂದಲೂ ದೇವರ ಜಾಗ. ಮಳೆಗಾಲದಲ್ಲಿ ಅತ್ತ ಯಾರೂ ದೋಣಿ ಹಾಕುವುದಿಲ್ಲ. ಹಾಗಾಗಿ ಮೊದಲನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಹರಕೆ ತೀರಿಸಲು ಹೊರಟೆವು. ದಾರಿಯುದ್ದಕ್ಕೂ ಆಡು ಬ್ಯಾ ಅನ್ನುತ್ತಿತ್ತು, ನಾನು ದಾರಿಯುದ್ದಕ್ಕೂ ವಾಂತಿ ಮಾಡುತ್ತಿದ್ದೆ. ಆಡಿನ ಸ್ಥಿತಿಯೇ ವಾಸಿ ಇತ್ತು.

ಬಂಡೆಯ ಮೇಲೆ ಇಳಿಸಿ ಹಗ್ಗ ಬಿಚ್ಚಿದ್ದೇ ತಡ, ಅದು ಒಂದು ಸಲ ನಮ್ಮ ಕಡೆ ನೋಡಿ, ಕಡಿದಾದ ಕಲ್ಲು ಹತ್ತಿ ಮಾಯವಾಯಿತು. ಮೇಲೆ ಆಗಲೇ ಐದಾರು ಆಡುಗಳು ನಿಂತು ನಮ್ಮನ್ನು ನೋಡುತ್ತಿದ್ದವು. ಅವೂ ಯಾರ್‍ಯಾರದೋ ಹರಕೆಯವು, ಇಲ್ಲವೇ ಹರಕೆಯ ಆಡುಗಳ ಮಕ್ಕಳು ಮೊಮ್ಮಕ್ಕಳು. ದೊಡ್ಡಪ್ಪ ಮರದ ತುದಿಯಲ್ಲಿದ್ದ ಗೂಡು ತೋರಿಸಿದ. ಒಬ್ಬ ಮನುಷ್ಯ ಆರಾಮಾಗಿ ಮಲಗಬಹುದಾದಷ್ಟು ದೊಡ್ಡದು. ಬಿಳಿ ಹೊಟ್ಟೆಯ ಕಡಲ ಹದ್ದಿನದು. ಅದು ವರ್ಷ ವರ್ಷವೂ ಅದೇ ಗೂಡಿಗೆ ಬಂದು ಕಡ್ಡಿ ಸೇರಿಸುತ್ತಾ ಹೋಗುತ್ತದೆ, ಮನೆ ಕಟ್ಟಿ ಮೇಲೊಂದು ಮಹಡಿ ಎಬ್ಬಿಸಿದ ಹಾಗೆ. ವಾಪಸು ಬರುವಾಗ ಕಲ್ಲಿನ ಸಂದಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ತುಂಡೊಂದು ಕಂಡಿತು. ಎತ್ತಿಕೊಳ್ಳಲು ಬಗ್ಗಿದೆ.

“ಮುಟ್ಟಬೇಡ ಮಾರಾಯ! ನೇವಿಯವರದ್ದು,” ಅಂದ ದೊಡ್ಡಪ್ಪ.

ನೇತ್ರಾಣಿಯ ಇನ್ನೊಂದು ಕಥೆ ಇದು. ನಮ್ಮ ನೌಕಾಪಡೆ ಈ ನಡುಗಡ್ಡೆಯನ್ನು ಗುರಿ ಅಭ್ಯಾಸಕ್ಕೆ ಬಳಸುತ್ತ ಬಂದಿದೆ. ಹಡಗಿನಿಂದ ಗುಂಡು ಹಾರಿಸಿ ಗುರಿ ಸರಿಯಾಗಿ ತಾಗುತ್ತದೋ ನೋಡಬೇಕೆಂದರೆ ಎದುರಿಗೆ ಏನಾದರೂ ಇರಬೇಕಲ್ಲ, ಆ ಏನಾದರೂ ಅಂದರೆ ನೇತ್ರಾಣಿ. ಸುತ್ತ ಹವಳ, ಮೇಲೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಕಡಲ ಹದ್ದು, ನಡುವೆ ಶೆಲ್ಲು. ಪರಿಸರದವರೂ ಮೀನುಗಾರರೂ ಇದನ್ನು ವಿರೋಧಿಸುತ್ತಲೇ ಬಂದರು. ಆ ವಯಸ್ಸಿನಲ್ಲಿ ನನಗೂ ರಕ್ತ ಬಿಸಿ. ಹಾಸ್ಟೆಲಿನ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಗಂಟೆಗೆ ಹದಿನೈದು ರೂಪಾಯಿ ಕೊಟ್ಟು ನೌಕಾಪಡೆಗೆ ಬೈದು ಪುಟಗಟ್ಟಲೆ ಬರೆದಿದ್ದೇನೆ. ನನ್ನ ಪ್ರಕಾರ ಕಥೆ ಬಹಳ ಸರಳ: ಅವರು ಬಂದೂಕಿನವರು, ನಾವು ಹಕ್ಕಿಯವರು.

ಈ ಸರಳ ಕಥೆ ಕೆಟ್ಟದ್ದು ಹನ್ನೆರಡು ವರ್ಷದ ನಂತರ, ಭೂಮಿಯ ಆಚೆ ಬದಿಯಲ್ಲಿ.

2019ರಲ್ಲಿ ಕಂಪನಿ ನನ್ನನ್ನು ಕೆಲವು ತಿಂಗಳ ಮಟ್ಟಿಗೆ ಸ್ಯಾನ್ ಡಿಯೇಗೋಗೆ ಕಳಿಸಿತ್ತು. ಅದು ನೌಕಾಪಡೆಯ ಊರು. ಕಾಫಿಗೆ ನಿಂತರೆ ಪಕ್ಕದಲ್ಲಿ ಒಬ್ಬ ನಾವಿಕ ಇರುತ್ತಾನೆ. ನಮ್ಮ ಟೆಸ್ಟಿಂಗ್ ಟೀಮಿನಲ್ಲೂ ನೌಕಾಪಡೆಯಲ್ಲಿದ್ದು ಬಂದವನೊಬ್ಬ ಇದ್ದ. ಡಿಸೆಂಬರಿನ ಒಂದು ದಿನ, ಗಾಳಿ ತೊಳೆದಿಟ್ಟ ಹಾಗಿದ್ದಾಗ, ಗುಡ್ಡದ ಮೇಲಿನಿಂದ ಪಶ್ಚಿಮಕ್ಕೆ ಕೈ ತೋರಿಸಿ “ಅದು ಸ್ಯಾನ್ ಕ್ಲೆಮೆಂಟೆ. ಅಲ್ಲಿ ನಾವು ಗುಂಡು ಹಾರಿಸೋದು ಕಲಿತದ್ದು,” ಅಂದ. ದಿಗಂತದಲ್ಲಿ ಒಂದು ಬೂದು ಗೆರೆ. ನಾನು ಹುಟ್ಟಿದೂರಿನ ಕಡಲತೀರದಿಂದ ನೋಡಿದ್ದೂ ಇದೇ ಥರದ ಗೆರೆ.

ಅವನಿಗೆ ನೇತ್ರಾಣಿಯ ಕಥೆ ಹೇಳಿದೆ, ಹದ್ದಿನ ಕಥೆ ಹೇಳಿದೆ. ಆಡಿನ ಹರಕೆಯ ಮಾತು ಬಂದಾಗ ಅವನು ಜೋರಾಗಿ ನಕ್ಕ. “ಆಡಾ? ನಮ್ಮ ದ್ವೀಪವನ್ನು ಹಾಳು ಮಾಡಿದ್ದು ಬಾಂಬಲ್ಲ ಕಣಯ್ಯ, ಆಡು!”

ಆ ರಾತ್ರಿ ರೂಮಿಗೆ ಬಂದು ಓದಲು ಕೂತವನು ಬೆಳಗಿನ ಜಾವದ ತನಕ ಏಳಲಿಲ್ಲ.

ಸ್ಯಾನ್ ಕ್ಲೆಮೆಂಟೆ ನೌಕಾಪಡೆಯ ಕೈಗೆ ಬಂದದ್ದು 1934ರಲ್ಲಿ. ಹಡಗಿನಿಂದ ನೆಲಕ್ಕೆ ನಿಜವಾದ ಗುಂಡು ಹಾರಿಸಿ ಅಭ್ಯಾಸ ಮಾಡುವ ಜಾಗ ಅದರ ದಕ್ಷಿಣ ತುದಿಯಲ್ಲಿದೆ. ಆದರೆ ಅದಕ್ಕೂ ಎಷ್ಟೋ ಮೊದಲು, ಹತ್ತೊಂಬತ್ತನೇ ಶತಮಾನದಲ್ಲೇ, ಅಲ್ಲಿ ಆಡು ಕುರಿ ಬಿಟ್ಟಿದ್ದರು. ಬೇರೆ ಎಲ್ಲೂ ಇಲ್ಲದ ಗಿಡಗಳು ಬೆಳೆಯುವ ದ್ವೀಪ ಅದು. ಸಾವಿರಾರು ವರ್ಷ ಆಡಿನ ಹಲ್ಲನ್ನೇ ನೋಡದ ಆ ಗಿಡಗಳಿಗೆ ತಪ್ಪಿಸಿಕೊಳ್ಳುವ ಉಪಾಯ ಗೊತ್ತಿರಲಿಲ್ಲ. ಪೊದೆ ಹೋಯಿತು, ಪೊದೆಯಲ್ಲಿ ಗೂಡು ಕಟ್ಟುತ್ತಿದ್ದ ಹಕ್ಕಿಗಳೂ ಹೋಗತೊಡಗಿದವು. ಅದರಲ್ಲೊಂದು ಶ್ರೈಕ್ ಜಾತಿಯ ಪುಟ್ಟ ಹಕ್ಕಿ. ಹಿಡಿದ ಮಿಡತೆ, ಹಲ್ಲಿಯನ್ನು ಮುಳ್ಳಿಗೆ ಚುಚ್ಚಿಟ್ಟು ತಿನ್ನುವಂಥದ್ದು. 1998ರ ಹೊತ್ತಿಗೆ ಆ ದ್ವೀಪದ ಬಯಲಿನಲ್ಲಿ ಉಳಿದದ್ದು ಕೇವಲ 14 ಶ್ರೈಕ್. ನಮ್ಮ ಆಫೀಸಿನ ಒಂದು ಸ್ಕ್ರಮ್ ಮೀಟಿಂಗಿಗೆ ಅದಕ್ಕಿಂತ ಹೆಚ್ಚು ಜನ ಸೇರುತ್ತೇವೆ.

ಆಡು ತೆಗೆಯುವ ಕೆಲಸ 1970ರ ದಶಕದಲ್ಲಿ ಶುರುವಾಗಿ 1991ಕ್ಕೆ ಮುಗಿಯಿತು. ತೆಗೆದದ್ದು ಒಂದೆರಡಲ್ಲ, 29,000ದ ಹತ್ತಿರ ಹತ್ತಿರ. ಗುಂಡು ಹಾಕಿ ಕೊಲ್ಲುವುದಕ್ಕೆ ಪ್ರಾಣಿದಯೆಯವರು ಕೋರ್ಟಿಗೆ ಹೋದರು. ಹೆಲಿಕಾಪ್ಟರಿನಿಂದ ಬಲೆ ಹಾಕಿ ಜೀವಂತ ಹಿಡಿದು ಸಾಗಿಸಿದ್ದೂ ಆಯಿತು. ಕೊನೆಕೊನೆಗೆ ಉಳಿದ ಆಡುಗಳು ಕಣಿವೆಯಲ್ಲಿ ಅಡಗಿ ಕೂತಾಗ ಒಂದು ಉಪಾಯ ಮಾಡಿದರು. ಹಿಡಿದ ಆಡಿನ ಕುತ್ತಿಗೆಗೆ ರೇಡಿಯೊ ಕಟ್ಟಿ ಮತ್ತೆ ಬಿಟ್ಟರು. ಆಡಿಗೆ ಒಂಟಿಯಾಗಿರಲು ಆಗುವುದಿಲ್ಲ, ಹಿಂಡು ಹುಡುಕಿಕೊಂಡು ಹೋಗುತ್ತದೆ. ಹಿಂದೆಯೇ ಬೇಟೆಯವರು. ಓದುತ್ತಿದ್ದ ನನಗೆ ಆ ರೇಡಿಯೊ ಕಟ್ಟಿದ ಆಡಿನ ಮುಖ ನೇತ್ರಾಣಿಯ ಬಂಡೆ ಹತ್ತುವ ಮುಂಚೆ ಹಿಂದಿರುಗಿ ನೋಡಿದ ನನ್ನ ಆಡಿನ ಹಾಗೇ ಕಂಡಿತು.

ಆಮೇಲೆ ಉಳಿದ ಶ್ರೈಕ್‌ಗಳಿಗೆ ಸ್ಯಾನ್ ಡಿಯೇಗೋ ಝೂದವರ ಜೊತೆ ಸೇರಿ ಮರಿ ಮಾಡಿಸಿ ಬಿಡುವ ಕೆಲಸ ನಡೆಯಿತು. ಖರ್ಚು ನೌಕಾಪಡೆಯದು. ಬೆಂಕಿಯ ಬಗ್ಗೆಯೂ ಯೋಜನೆ ಬೇಕಾಯಿತು, ಯಾಕೆಂದರೆ ಒಣಹುಲ್ಲಿನ ಮೇಲೆ ಬಿದ್ದ ಒಂದು ಶೆಲ್ಲು ಹತ್ತು ಬಾಂಬಿನಷ್ಟು ಕೆಲಸ ಮಾಡಬಲ್ಲದು. ದ್ವೀಪಕ್ಕೆ ಇಳಿಯುವ ಮೊದಲು ತಮಗೆ ಹಕ್ಕಿಯ ಫೋಟೊ ತೋರಿಸಿ ಕ್ಲಾಸ್ ತಗೊಳ್ಳುತ್ತಿದ್ದರು ಅಂತ ನನ್ನ ಸಹೋದ್ಯೋಗಿ ಹೇಳಿದ. “ಆ ವಯಸ್ಸಲ್ಲಿ ನಮಗೆ ಅದು ತಮಾಷೆ, ಬಿಡು,” ಅಂದ. ನಾನು ಬೆಂಗಳೂರಿಗೆ ವಾಪಸು ಬಂದ ಮೇಲೆ, 2023ರ ಜನವರಿಯಲ್ಲಿ, ಆ ದ್ವೀಪದ ನಾಲ್ಕು ಗಿಡ ಮತ್ತು ಒಂದು ಗುಬ್ಬಿ ಜಾತಿಯ ಹಕ್ಕಿಯನ್ನು ಅಮೆರಿಕ ಅಪಾಯದ ಪಟ್ಟಿಯಿಂದ ತೆಗೆದುಹಾಕಿತು. ನಾಶವಾದವು ಅಂತಲ್ಲ, ಚೇತರಿಸಿಕೊಂಡವು ಅಂತ. ಶ್ರೈಕ್ ಮಾತ್ರ ಇನ್ನೂ ಪಟ್ಟಿಯಲ್ಲೇ ಇದೆ. ಗುಂಡಿನ ಅಭ್ಯಾಸ ಒಂದು ವರ್ಷವೂ ನಿಂತಿರಲಿಲ್ಲ ಅನ್ನುವುದನ್ನು ನೆನಪಿಡಿ.

ಇದು ಅಮೆರಿಕದ ನೌಕಾಪಡೆಗೆ ಹಕ್ಕಿಯ ಮೇಲಿನ ಪ್ರೀತಿಯಿಂದ ಆಯಿತು ಅಂದುಕೊಳ್ಳಬೇಡಿ. ಅಳಿವಿನಂಚಿನ ಜೀವಿಗಳ ಕಾನೂನು ನೆತ್ತಿಯ ಮೇಲೆ ಕೂತಿತ್ತು. ಸೈಕ್ಸ್ ಕಾಯ್ದೆ ಅಂತ ಇನ್ನೊಂದಿದೆ, 1960ರದ್ದು. ಅದಕ್ಕೆ 1997ರಲ್ಲಿ ತಿದ್ದುಪಡಿ ಮಾಡಿ, ಕಾಡು-ನೀರು-ಪ್ರಾಣಿ ಇರುವ ಪ್ರತಿ ಸೇನಾ ನೆಲೆಯೂ ಅವುಗಳ ನಿರ್ವಹಣೆಗೆ ಒಂದು ಲಿಖಿತ ಯೋಜನೆ ಮಾಡಬೇಕು, ವನ್ಯಜೀವಿ ಇಲಾಖೆಯವರ ಜೊತೆ ಕೂತು ಕನಿಷ್ಠ ಐದು ವರ್ಷಕ್ಕೊಮ್ಮೆ ಅದನ್ನು ಪರಿಶೀಲಿಸಬೇಕು ಅಂತ ಕಡ್ಡಾಯ ಮಾಡಿದರು. ಅಂದರೆ ಎಣಿಸಲೇಬೇಕು. ಎಷ್ಟಿತ್ತು, ಈಗ ಎಷ್ಟಿದೆ, ಯಾಕೆ ಕಡಿಮೆಯಾಯಿತು ಅಂತ ಬರೆದಿಡಲೇಬೇಕು.

ಈ ಲೆಕ್ಕ, ಈ ಕಾನೂನು ಇಲ್ಲದ ಕಡೆ, ಇಲ್ಲದ ಕಾಲದಲ್ಲಿ ಇದೇ ನೌಕಾಪಡೆ ಏನು ಮಾಡಿತು ಅನ್ನುವುದಕ್ಕೂ ದ್ವೀಪಗಳು ಸಾಕ್ಷಿ ಇವೆ. ಹವಾಯಿಯ ಕಹೋಲವೆಯನ್ನು ತಗೊಳ್ಳಿ. ಅಲ್ಲಿಯ ಮೂಲನಿವಾಸಿಗಳಿಗೆ ಅದು ಕನಲೋವ ಎಂಬ ಕಡಲದೇವರ ರೂಪವೇ. ಥೇಟ್ ನಮ್ಮ ಜಟಕೇಶ್ವರನ ನಡುಗಡ್ಡೆ. 1941ರಿಂದ 1990ರವರೆಗೆ ಅದರ ಮೇಲೆ ಬಾಂಬ್ ಹಾಕಿದರು. 1965ರಲ್ಲಿ 500 ಟನ್ ಟಿಎನ್‌ಟಿ ರಾಶಿ ಹಾಕಿ ಸಿಡಿಸಿ, ಎದುರಿಗೆ ನಿಲ್ಲಿಸಿದ ಹಡಗುಗಳು ತಡೆಯುತ್ತವೋ ಇಲ್ಲವೋ ಅಂತ ಪರೀಕ್ಷೆ ಮಾಡಿದರು. 1976ರಲ್ಲಿ ಹವಾಯಿಯ ಹುಡುಗರು ದೋಣಿ ಹತ್ತಿ ದ್ವೀಪಕ್ಕೆ ನುಗ್ಗಿ ಹೋರಾಟ ಶುರುಮಾಡಿದರು, ಮರುವರ್ಷ ಅವರಲ್ಲಿಬ್ಬರು ಕಡಲಿನಲ್ಲಿ ಕಾಣೆಯಾದರು. 1993ರಲ್ಲಿ ಸ್ವಚ್ಛಗೊಳಿಸಲು 40 ಕೋಟಿ ಡಾಲರ್ ಮಂಜೂರಾಯಿತು. ಹತ್ತು ವರ್ಷ ಕೆಲಸ ಮಾಡಿ, ದುಡ್ಡೆಲ್ಲ ಮುಗಿದ ಮೇಲೂ ಸ್ವಚ್ಛವಾದದ್ದು ಸುಮಾರು ಮುಕ್ಕಾಲು ಭಾಗದ ಮೇಲ್ಮೈ ಮಾತ್ರ. ಮಣ್ಣಿನ ಆಳದಲ್ಲಿ ಸಿಡಿಯದೆ ಉಳಿದವು ಹಾಗೇ ಇವೆ. ಅಂದಹಾಗೆ ಅಲ್ಲಿಯೂ ಆಡುಗಳಿದ್ದವು, ಅವುಗಳನ್ನೂ ತೆಗೆಯಬೇಕಾಯಿತು.

ಪೋರ್ಟೊ ರಿಕೊದ ವಿಯೆಕಸ್‌ನಲ್ಲಿ 1999ರ ಏಪ್ರಿಲ್ 19ರಂದು ಗುರಿ ತಪ್ಪಿದ ಬಾಂಬಿಗೆ ಕಾವಲು ಕಾಯುತ್ತಿದ್ದ ಸ್ಥಳೀಯ ಡೇವಿಡ್ ಸೇನ್ಸ್ ಸತ್ತ. ಜನ ಗುರಿ ಅಭ್ಯಾಸದ ಬಯಲಿನಲ್ಲೇ ಟೆಂಟ್ ಹಾಕಿ ಕೂತರು. 2003ರ ಮೇ 1ಕ್ಕೆ ನೌಕಾಪಡೆ ಅಲ್ಲಿಂದ ಜಾಗ ಖಾಲಿ ಮಾಡಿತು. ಬಾಂಬ್ ಬಿದ್ದ ಜಾಗಕ್ಕೆ ಈಗ ವನ್ಯಜೀವಿ ಧಾಮ ಅಂತ ಬೋರ್ಡಿದೆ. ಶೆಲ್ ಹೆಕ್ಕುವ ಕೆಲಸ ಮಾತ್ರ ವರ್ಷಗಟ್ಟಲೆ ಹಿಡಿದಿದೆ.

ಕಡಲೊಳಗಿನ ಕಥೆ ಮತ್ತೂ ಕಷ್ಟದ್ದು, ಅಲ್ಲಿ ಗಾಯ ಕಣ್ಣಿಗೇ ಕಾಣುವುದಿಲ್ಲ. 2000ದ ಮಾರ್ಚ್‌ನಲ್ಲಿ ಬಹಾಮಾಸ್‌ನ ದಡಕ್ಕೆ ತಿಮಿಂಗಿಲಗಳು ಬಂದು ಬಿದ್ದವು. ಜಲಾಂತರ್ಗಾಮಿ ಹುಡುಕುವ ಸೋನಾರ್ ಶಬ್ದವೇ ಕಾರಣ ಅಂತ ಕೊನೆಗೆ ನೌಕಾಪಡೆಯೇ ಒಪ್ಪಿಕೊಂಡಿತು. ಆದರೆ ಕ್ಯಾಲಿಫೋರ್ನಿಯಾದ ಕಡಲಿನ ಸೋನಾರ್ ಅಭ್ಯಾಸದ ಕೇಸು ಸುಪ್ರೀಂ ಕೋರ್ಟಿಗೆ ಹೋದಾಗ, 2008ರಲ್ಲಿ, ಗೆದ್ದದ್ದು ನೌಕಾಪಡೆ. ಯುದ್ಧದ ತಯಾರಿ ಮುಖ್ಯ ಅಂತ.

ಆ ತೀರ್ಪಿನ ತರ್ಕವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ನಮ್ಮ ಚಿಕ್ಕಪ್ಪನ ಮಗ ಕಾರವಾರದ ನೌಕಾನೆಲೆಯಲ್ಲಿ ಕೆಲಸದಲ್ಲಿದ್ದಾನೆ. ಅವನ ಜೊತೆ ಮಾತಿಗೆ ಕೂತರೆ ಒಂದೇ ಪ್ರಶ್ನೆ ಕೇಳುತ್ತಾನೆ: “ಟೆಸ್ಟ್ ಮಾಡದೆ ನಿಮ್ಮ ಸಾಫ್ಟ್‌ವೇರ್ ರಿಲೀಸ್ ಮಾಡ್ತೀರಾ?” ಮಾಡುವುದಿಲ್ಲ. ಆದರೆ ನಾವು ಟೆಸ್ಟ್ ಮಾಡಲು ಬೇರೆಯೇ ಸರ್ವರ್ ಇಟ್ಟುಕೊಂಡಿರುತ್ತೇವೆ, ಕೆಟ್ಟರೆ ಹಳೆಯ ಕಾಪಿ ಹಾಕುತ್ತೇವೆ. ನೇತ್ರಾಣಿಯ ಕಾಪಿ ಎಲ್ಲಿದೆ? ಹಾಗೆಂದು ನಾನು ಕೇಳಿದರೆ ಅವನು ಮಾತು ಬದಲಿಸಿ ಬಂಗಡೆ ಸಾರಿನ ವಿಷಯಕ್ಕೆ ಬರುತ್ತಾನೆ.

ಇಷ್ಟೆಲ್ಲ ಓದಿ ಜಾಣನಾಗಿದ್ದೆ ಅಂದುಕೊಂಡಿದ್ದೆ. 2023ರ ಕೊನೆಗೆ ಪರೀಕ್ಷೆ ಮನೆಗೇ ಬಂತು.

ಆ ವರ್ಷ ನಮಗೆ ಮಗಳು ಹುಟ್ಟಿದಳು, ದಿನ ತುಂಬುವ ಮೊದಲೇ. ಒಂಬತ್ತು ದಿನ ಎನ್‌ಐಸಿಯುನಲ್ಲಿದ್ದಳು. ಗಾಜಿನಾಚೆ ನಿಂತು ಮಾನಿಟರಿನ ನಂಬರುಗಳನ್ನು ನೋಡುತ್ತಿದ್ದ ಆ ದಿನಗಳಲ್ಲಿ ದೊಡ್ಡಪ್ಪ ಫೋನ್ ಮಾಡಿ, “ನೀ ಹೆದ್ರಬೇಡ, ನಾ ಜಟಕೇಶ್ವರನಿಗೆ ಹೇಳ್ಕಂಡಿದ್ದೆ,” ಅಂದಿದ್ದ. ಆಗ ನಾನು ಸ್ಯಾನ್ ಕ್ಲೆಮೆಂಟೆಯನ್ನು ನೆನೆಯಲಿಲ್ಲ. ಶ್ರೈಕ್ ಹಕ್ಕಿಯನ್ನೂ ನೆನೆಯಲಿಲ್ಲ. ಹತ್ತು ಆಡು ಬೇಕಾದರೂ ಬಿಡು ದೊಡ್ಡಪ್ಪ ಅಂದೆ, ನಿಜವಾಗಿಯೂ ಅಂದೆ.

ಮಗಳು ಮನೆಗೆ ಬಂದಳು, ಚೆನ್ನಾಗಿದ್ದಾಳೆ. ಡಿಸೆಂಬರಿನಲ್ಲಿ ಊರಿಗೆ ಹೋದರೆ ತೆಂಗಿನ ಮರದ ಬುಡದಲ್ಲಿ ಒಂದು ಕಂದು ಬಣ್ಣದ ಆಡು ಕಟ್ಟಿತ್ತು. ಊಟ ಆದ ಮೇಲೆ ಜಗಲಿಯಲ್ಲಿ ಮೆಲ್ಲಗೆ ಶುರುಮಾಡಿದೆ. ದ್ವೀಪದಲ್ಲಿ ಆಡು ಹೆಚ್ಚಾದರೆ ಎಳೆ ಗಿಡ ಮೇಲೇಳುವುದಿಲ್ಲ, ಎಳೆ ಗಿಡ ಏಳದಿದ್ದರೆ ಮುಂದೆ ದೊಡ್ಡ ಮರ ಇರುವುದಿಲ್ಲ, ದೊಡ್ಡ ಮರ ಇಲ್ಲದಿದ್ದರೆ ಹದ್ದು ಗೂಡು ಎಲ್ಲಿ ಕಟ್ಟೀತು, ಅಮೆರಿಕದಲ್ಲಿ ಹೀಗಾಯಿತು ಅಂತೆಲ್ಲ.

ದೊಡ್ಡಪ್ಪ ಎಲೆ ಅಡಿಕೆ ಜಗಿಯುತ್ತಾ ಪೂರ್ತಿ ಕೇಳಿಸಿಕೊಂಡ. ಆಮೇಲೆ ಅಂಗಳಕ್ಕೆ ಉಗಿದು ಬಂದು ಕೂತ.

“ಹಡಗಲ್ಲಿ ಬಂದು ಗುಂಡು ಹಾಕುವವ್ರನ್ನ ಯಾರೂ ಕೇಳೂದಿಲ್ಲ. ಬೋಟಲ್ಲಿ ಬಂದು ನೀರೊಳಗೆ ಮುಳುಗಿ ಫೋಟೊ ಹೊಡೆಯುವವ್ರನ್ನೂ ಕೇಳೂದಿಲ್ಲ. ನನ್ನ ಒಂದು ಆಡಿನ ಲೆಕ್ಕ ಕೇಳೂಕೆ ನೀ ಬೆಂಗಳೂರಿಂದ ಬಂದ್ಯಾ?”

ನೀರೊಳಗೆ ಮುಳುಗಿ ಫೋಟೊ ಹೊಡೆದವರಲ್ಲಿ ನಾನೂ ಒಬ್ಬ. ಹಿಂದಿನ ವರ್ಷವೇ ಆಫೀಸಿನವರನ್ನು ಕರೆದುಕೊಂಡು ಹೋಗಿ ಸ್ಕೂಬಾ ಮಾಡಿಸಿ, ಹವಳದ ಮೇಲಿನ ಬಣ್ಣದ ಮೀನಿನ ವಿಡಿಯೊ ಹಾಕಿಕೊಂಡಿದ್ದೆ. ಸುಮ್ಮನೆ ಕೂತೆ. ನನ್ನ ಹೆಂಡತಿಯೂ ಒಳಗಿನಿಂದ, “ಮಗುವಿಗಾಗಿ ಹೇಳಿಕೊಂಡ ಹರಕೆ, ವಾದ ಮಾಡಬೇಡಿ,” ಅಂದಳು.

ದೊಡ್ಡಪ್ಪನ ಮಾತು ನ್ಯಾಯದ್ದೇ. ದೊಡ್ಡವರ ಲೆಕ್ಕ ಕೇಳಲಾಗದೆ ನಾವು ಯಾವಾಗಲೂ ಸಣ್ಣವರ ಲೆಕ್ಕ ಕೇಳುತ್ತೇವೆ. ಆದರೆ ಆಡು ತಿಂದ ಗಿಡ ಗುಂಡು ಬಿದ್ದ ಗಿಡಕ್ಕಿಂತ ಕಡಿಮೆ ಸತ್ತಿರುವುದಿಲ್ಲ ಅನ್ನುವುದೂ ನಿಜವೇ. ಎರಡೂ ನಿಜ ಆಗಿರುವಾಗ ಏನು ಮಾತಾಡಬೇಕು ಅಂತ ನನಗೆ ತಿಳಿಯಲಿಲ್ಲ.

ಸಂಜೆ ಸುಮ್ಮನೆ ಮಾತು ತೆಗೆಯಲು ಕೇಳಿದೆ: “ಅಲ್ಲ ದೊಡ್ಡಪ್ಪಾ, ಈಗ ಅಲ್ಲಿ ಹದ್ದಿನ ಗೂಡು ಎಷ್ಟಿದೆ?”

ಅವನು ಯೋಚಿಸಲೂ ಇಲ್ಲ. ಪಡುಬದಿಯಲ್ಲಿ ಇಷ್ಟು, ಗುಡಿಯ ಹಿಂದೆ ಇಷ್ಟು, ದೋಣಿ ನಿಲ್ಲಿಸುವ ಕಡೆ ಮೊದಲು ಎರಡು ಇತ್ತು ಈಗ ಒಂದು ಅಂತ ಬೆರಳು ಮಡಚುತ್ತಾ ಹೇಳಿದ. ಯಾವ ಗೂಡು ಯಾವ ವರ್ಷ ಖಾಲಿಯಾಯಿತು ಅನ್ನುವುದೂ ಅವನಿಗೆ ಗೊತ್ತು. ಅವನ ಕ್ಯಾಲೆಂಡರಿನಲ್ಲಿ ಇಸವಿ ಇಲ್ಲ ಅಷ್ಟೆ. “ನಿನ್ನ ತಂಗಿ ಮದುವೆ ವರ್ಷ ಆ ದೊಡ್ಡ ಮರ ಬಿತ್ತು, ಅದ್ರ ಮೇಲಿನದ್ದು ಹೋಯ್ತು.”

“ಗುಂಡಿಗೆ ಬಿತ್ತಾ, ಗಾಳಿಗೆ ಬಿತ್ತಾ?”

“ಅದೆಂತ ಗೊತ್ತು? ನಾವು ಹೋಗುವಾಗ ಬಿದ್ದಿತ್ತು.”

ನೋಡಿ, ಇಡೀ ಸಮಸ್ಯೆ ಇರುವುದು ಈ ಉತ್ತರದಲ್ಲಿ. ನಮ್ಮ ಕೆಲಸದಲ್ಲಿ ಸಿಸ್ಟಮ್ ಬಿದ್ದರೆ ಮೊದಲು ಲಾಗ್ ನೋಡುತ್ತೇವೆ. ಲಾಗೇ ಇಲ್ಲದಿದ್ದರೆ ಪ್ರತಿ ಟೀಮೂ ಇನ್ನೊಂದು ಟೀಮಿನ ಕಡೆ ಬೆರಳು ತೋರಿಸುತ್ತದೆ. ನೇತ್ರಾಣಿಯಲ್ಲಿ ಒಂದು ಗೂಡು ಹೋದರೆ ನೌಕಾಪಡೆ ಆಡಿನ ಕಡೆ ತೋರಿಸಬಹುದು, ಹರಕೆಯವರು ಶೆಲ್ಲಿನ ಕಡೆ ತೋರಿಸಬಹುದು, ಡೈವಿಂಗಿನವರು ಇಬ್ಬರ ಕಡೆಗೂ ತೋರಿಸಬಹುದು. ಸ್ಯಾನ್ ಕ್ಲೆಮೆಂಟೆಯಲ್ಲಿ ಉಳಿದದ್ದು 14 ಅಂತ ಯಾರೋ ಬಿಸಿಲಿನಲ್ಲಿ ಅಲೆದು ಎಣಿಸಿದ್ದರಿಂದ ಹದಿನೈದನೆಯದಕ್ಕೆ ದಾರಿಯಾಯಿತು. ಅಲ್ಲಿ ಆ ಎಣಿಕೆ ಒಬ್ಬರ ನೌಕರಿ, ಪುಸ್ತಕದಲ್ಲಿ ದಾಖಲಾಗಬೇಕಾದ ಕರ್ತವ್ಯ. ನೇತ್ರಾಣಿಗೆ ಅಂಥದ್ದೊಂದು ಪುಸ್ತಕ ಇದ್ದರೂ, ಅದರ ಎದುರು ದಡದಲ್ಲಿ ಅರವತ್ತು ವರ್ಷ ಬದುಕಿದ ನನ್ನ ದೊಡ್ಡಪ್ಪನನ್ನು ಯಾರೂ ಏನೂ ಕೇಳಿ ಬರೆದುಕೊಂಡಿಲ್ಲ. ಇದ್ದ ಅಷ್ಟೂ ಲೆಕ್ಕ ಎಲೆ ಅಡಿಕೆ ಜಗಿಯುತ್ತಾ ಜಗಲಿಯ ಮೇಲೆ ಕೂತಿತ್ತು.

ಆ ರಾತ್ರಿ ಫೋನಿನಲ್ಲಿ ಒಂದು ಶೀಟ್ ತೆರೆದೆ. ಮರ, ದಿಕ್ಕು, ಗೂಡು, ಕೊನೆಗೆ ನೋಡಿದ್ದು ಯಾವಾಗ. ದೊಡ್ಡಪ್ಪ ಹೇಳುತ್ತಾ ಹೋದ, ನಾನು ಮದುವೆ, ಮುಂಜಿ, ಚುನಾವಣೆಗಳನ್ನು ಇಸವಿಗೆ ಬದಲಿಸುತ್ತಾ ಬರೆದೆ. ಒಟ್ಟು ಇಪ್ಪತ್ತಮೂರು ಸಾಲು ಆಯಿತು. ಕೊನೆಗೆ ಅವನೇ, “ಆಡು ಎಷ್ಟಿತ್ತು ಅಂತ್ಲೂ ಬರ್ಕೊ,” ಅಂದ. ಹೊಸ ಕಾಲಂ ಹಾಕಿದೆ.

ಹರಕೆಯ ವಿಷಯ ಹಾಗೇ ಉಳಿಯಿತು. ಆಡಿನ ಬದಲು ಗಂಟೆ ಕೊಟ್ಟರೆ ಆದೀತೋ ಅಂತ ದೇವರ ಹತ್ತಿರ ಪ್ರಸಾದ ಕೇಳುತ್ತೇನೆ, ದೇವರು ಹೂ ಕೊಟ್ಟರೆ ಸರಿ, ಇಲ್ಲದಿದ್ದರೆ ನೀನು ಬಾಯಿ ಮುಚ್ಚಬೇಕು ಅಂತ ಕರಾರಾಯಿತು. ಮಳೆಗಾಲ ಬಂತು, ದೋಣಿಗಳು ದಡ ಹತ್ತಿದವು.

ಮೊನ್ನೆ ಸ್ಟ್ಯಾಂಡಪ್ ಮೀಟಿಂಗಿನ ನಡುವೆ ದೊಡ್ಡಪ್ಪನ ಫೋನ್ ಬಂತು. ಮ್ಯೂಟ್ ಮಾಡಿ ಎತ್ತಿದೆ.

“ನಿನ್ನ ಮಗಳ ಆಡು ಎರಡು ಮರಿ ಹಾಕ್ತು ಮಾರಾಯ,” ಅಂದ. “ನಿನ್ನ ಲೆಕ್ಕದಲ್ಲಿ ಬರ್ಕೊ.”